ದಿನಾಂಕ ಕೊನೆಗೆ: ಕಾರವಾರದ ಮೆಕ್ಯಾನಿಕ್ ಒಬ್ಬನ ದೀಕ್ಷಾಸ್ನಾನ, ಒಂದು ಪ್ರಕರಣ ಅಧ್ಯಯನ

ಹೊಸ ನಂಬಿಕೆಯ ಪಾಠ ಕಲಿಯುವವನಿಗೆ 31 ವರ್ಷ, ಮದುವೆಯಾಗಿಲ್ಲ. ಬೈತಖೋಲ ಬಂದರಿನಲ್ಲಿ ಬೋಟಿನ ಇಂಜಿನ್ ಬಿಚ್ಚಿ ಕಟ್ಟುವ ಕೆಲಸ. ತಂದೆ ತೀರಿಕೊಂಡು ಮೂರು ವರ್ಷವಾಗಿದೆ. ತಾಯಿ ಕಾರವಾರದ ಭಾನುವಾರದ ಸಂತೆಯಲ್ಲಿ ಒಣಮೀನು ಮಾರುತ್ತಾರೆ. ಅಕ್ಕನನ್ನು ಅಂಕೋಲೆಗೆ ಕೊಟ್ಟಿದೆ. ಮನೆಮಾತು ಕೊಂಕಣಿ, ಕಲಿತದ್ದು ಕನ್ನಡ ಶಾಲೆಯಲ್ಲಿ. ಕೆಲವು ವರ್ಷ ಬೆಂಗಳೂರಿನ ಗ್ಯಾರೇಜೊಂದರಲ್ಲಿ ದುಡಿದಿದ್ದ. ಅಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳೆಯ ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್‌ನ ಸದಸ್ಯ. ಜನ ಮಾರ್ಮನ್ ಎನ್ನುವುದು ಇವರನ್ನೇ, ಆದರೆ 2018ರಿಂದ ಸಭೆಯೇ (ಚರ್ಚನ್ನು ಇಲ್ಲಿ ಸಭೆ ಎಂದಿದೆ) ಆ ಹೆಸರನ್ನು ಬಿಡಿ ಎಂದು ಹೇಳುತ್ತ ಬಂದಿದೆ. ಗೆಳೆಯನ ಜೊತೆ ಒಂದೆರಡು ಬಾರಿ ಸಭೆಗೆ ಹೋಗಿ ಬಂದವನು ಅಪ್ಪ ಸತ್ತ ಮೇಲೆ ಊರಿಗೆ ಮರಳಿದ. ಮರಳಿದ ಮೇಲೆ ಪ್ರಶ್ನೆಗಳು ಶುರುವಾದವು, ಗೆಳೆಯನ ಮೂಲಕ ಬೆಂಗಳೂರಿನ ಇಬ್ಬರು ಮಿಷನರಿಗಳ ಜೊತೆ ವೀಡಿಯೊ ಕರೆಯಲ್ಲಿ ಪಾಠಗಳು ಶುರುವಾದವು.

ಇದು ಒಂದೇ ಮನೆಯ ವೃತ್ತಾಂತವಲ್ಲ. ಇಂಥ ಬೋಧನೆಯಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳನ್ನು ಒಂದೇ ಮನೆಗೆ ತಂದು ಜೋಡಿಸಿ ಬರೆದದ್ದು. ಧರ್ಮ ಬದಲಿಸುವುದು ಸರಿಯೋ ತಪ್ಪೋ ಎಂಬ ವಾದ ಇಲ್ಲಿಲ್ಲ. ವಯಸ್ಸಿಗೆ ಬಂದ ಒಬ್ಬ ಮನುಷ್ಯ ತಾನಾಗಿ ತೀರ್ಮಾನಿಸುವಾಗ ಬೋಧಿಸುವವರು ಏನು ಮಾಡಬೇಕು, ಏನು ಮಾಡಬಾರದು ಎಂಬುದಷ್ಟೇ ವಿಷಯ.

ಬೋಧಿಸುವವರ ಪಾಡು

ಈ ಸಭೆಯ ಮಿಷನರಿ ಸಂಬಳದ ಪಾದ್ರಿಯಲ್ಲ. ಹುಡುಗರು 18 ತುಂಬಿದ ಮೇಲೆ ಎರಡು ವರ್ಷ, ಹುಡುಗಿಯರು 18 ತಿಂಗಳು, ತಮ್ಮ ಅಥವಾ ಮನೆಯವರ ಖರ್ಚಿನಲ್ಲಿ ಸೇವೆಗೆ ಹೊರಡುತ್ತಾರೆ. ಯಾವ ಊರು ಎಂಬುದು ಅವರ ಆಯ್ಕೆಯಲ್ಲ. ಯಾವಾಗಲೂ ಜೋಡಿಯಾಗಿಯೇ ಇರಬೇಕು, ಒಬ್ಬರೇ ಯಾರಿಗೂ ಪಾಠ ಹೇಳುವಂತಿಲ್ಲ. ಇಲ್ಲಿಯ ಜೋಡಿಯಲ್ಲಿ (ಹುಡುಗ ಮಿಷನರಿಯನ್ನು ಎಲ್ಡರ್ ಎನ್ನುತ್ತಾರೆ) ಹಿರಿಯ ಎಲ್ಡರ್‌ಗೆ 21, ಕಿರಿಯವನಿಗೆ 19. ಹಿರಿಯವನ ಕನ್ನಡ ಮೈಸೂರು ಕಡೆಯದು. ಕಿರಿಯವನು ಚೆನ್ನೈಯವನು, ಅವನ ಕನ್ನಡ ಅಷ್ಟಕ್ಕಷ್ಟೆ. ಇಬ್ಬರಿಗೂ ಕಡಲಿನ ದುಡಿಮೆಯ ಪರಿಚಯವಿರಲಿಲ್ಲ. ಮೀನುಗಾರರ ಮನೆಯ ವರ್ಷ ಹೇಗೆ ತಿರುಗುತ್ತದೆ ಎಂಬ ಅಂದಾಜು ಅವರಿಗಿರಲಿಲ್ಲ. ಮೊದಲ ಎಡವಟ್ಟು ಅಲ್ಲಿಂದಲೇ ಹುಟ್ಟಿತು.

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆ ಬಂದ್. ಬೋಟಿನ ಆಳುಗಳಿಗೆ ಅದು ಬಿಡುವಿನ ಕಾಲ, ಮೆಕ್ಯಾನಿಕ್‌ಗೆ ಉಸಿರಾಡಲೂ ಪುರಸೊತ್ತಿಲ್ಲದ ಕಾಲ. ಆಗಸ್ಟ್ ಬರುವುದರೊಳಗೆ ಸಾಲಾಗಿ ನಿಂತ ಬೋಟುಗಳೆಲ್ಲ ನೀರಿಗಿಳಿಯಬೇಕು. ಪಾಠ ಶುರುವಾದದ್ದು ಜೂನ್‌ನಲ್ಲಿ. ಹೇಳಿದ ಹೊತ್ತಿಗೆ ಕರೆ ಎತ್ತಲಿಲ್ಲ, ಓದಲು ಹೇಳಿದ ಅಧ್ಯಾಯ ಓದಲಿಲ್ಲ. ಮಿಷನರಿಗಳ ವಾರದ ಯೋಜನೆಯಲ್ಲಿ ಇಂಥವರನ್ನು ಆಸಕ್ತಿ ಇಲ್ಲದವರೆಂದು ಬದಿಗಿಡುವ ರೂಢಿಯಿದೆ. ಇಲ್ಲಿ ಹಾಗಾಗದಂತೆ ತಡೆದದ್ದು ಗೆಳೆಯನ ಒಂದು ಮಾತು: ಅವನಿಗೆ ರಾತ್ರಿ ಒಂಬತ್ತರ ಮೇಲೆ ಕರೆ ಮಾಡಿ, ಇಪ್ಪತ್ತೇ ನಿಮಿಷ ಮಾತಾಡಿ. ಮಿಷನರಿಗಳು ರಾತ್ರಿ ಹತ್ತೂವರೆಗೆಲ್ಲ ಮಲಗಬೇಕೆಂಬ ಶಿಸ್ತಿನವರು. ಆದರೂ ಹೊಂದಿಸಿಕೊಂಡರು.

ಪಾಠಗಳು, ಮತ್ತು ಬೇಗ ಬಂದ ಪ್ರಶ್ನೆ

ಮಿಷನರಿಗಳ ಕೈಪಿಡಿ ‘ಪ್ರೀಚ್ ಮೈ ಗಾಸ್ಪೆಲ್’. 2004ರಲ್ಲಿ ಬಂತು, 2023ರಲ್ಲಿ ಎರಡನೆಯ ಆವೃತ್ತಿ ಹೊರಟಿತು. ದೀಕ್ಷೆಗೆ, ಅಂದರೆ ನೀರಿನಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ದೀಕ್ಷಾಸ್ನಾನಕ್ಕೆ, ಮುಂಚಿನ ಪಾಠಗಳು ಸ್ಥೂಲವಾಗಿ ಹೀಗೆ: ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಮೂಲಕ ಸಭೆಯ ಪುನಃಸ್ಥಾಪನೆ (ಸಭೆ ಶುರುವಾದದ್ದು 1830ರ ಏಪ್ರಿಲ್ 6ರಂದು, ನ್ಯೂಯಾರ್ಕ್ ರಾಜ್ಯದಲ್ಲಿ), ಹುಟ್ಟುವ ಮುಂಚಿನಿಂದ ಸತ್ತ ಮೇಲಿನವರೆಗಿನ ಬಾಳಿನ ಯೋಜನೆ, ಯೇಸುವಿನ ಸುವಾರ್ತೆ, ಆಮೇಲೆ ದಿನನಿತ್ಯದ ಕಟ್ಟಳೆಗಳು. ಪ್ರತಿ ಪಾಠದ ಕೊನೆಗೆ ಕಲಿಯುವವನು ಏನಾದರೊಂದು ಮಾಡಬೇಕು: ಇಷ್ಟು ಪುಟ ಓದು, ಒಬ್ಬನೇ ಪ್ರಾರ್ಥಿಸಿ ಕೇಳು, ಸಭೆಗೆ ಬಾ. ಪಾಠಕ್ಕಿಂತ ಆ ಕೆಲಸವೇ ಮುಖ್ಯ. ಕೇಳಿ ತಲೆದೂಗುವುದು ಸುಲಭ, ಬೆಳಗಿನ ಜಾವ ಎದ್ದು ಒಬ್ಬನೇ ಪ್ರಾರ್ಥಿಸುವುದು ಸುಲಭವಲ್ಲ.

ದೀಕ್ಷಾಸ್ನಾನಕ್ಕೆ ಬೇಗನೆ ಆಹ್ವಾನಿಸಿ, ಒಂದು ದಿನಾಂಕವನ್ನು ಗುರಿಯಾಗಿ ಮುಂದಿಡುವುದು ಈ ಕ್ರಮದ ಒಂದು ಭಾಗ. ದಿನಾಂಕವಿದ್ದರೆ ಮನಸ್ಸು ಕೂಡಿಬರುತ್ತದೆ ಎಂಬುದು ತರ್ಕ. ಎರಡನೆಯ ಪಾಠದಲ್ಲೇ ಹಿರಿಯ ಎಲ್ಡರ್ ಆಗಸ್ಟ್‌ನ ಒಂದು ಶನಿವಾರವನ್ನು ಹೇಳಿದ. ಆತ ‘ಆಗಲಿ, ನೋಡುವ’ ಎಂದ. ಎಲ್ಡರ್ ಅದನ್ನು ಒಪ್ಪಿಗೆಯೆಂದು ಬರೆದುಕೊಂಡ.

ಮನೆಗೆ ಬಂದವರ ಮುಖಕ್ಕೆ ಹೊಡೆದಂತೆ ‘ಇಲ್ಲ’ ಅನ್ನುವ ಅಭ್ಯಾಸ ಈ ಕಡೆ ಇಲ್ಲ. ಕರೆ ಮಾಡಿದವರೂ ಒಂದು ಲೆಕ್ಕಕ್ಕೆ ಮನೆಗೆ ಬಂದವರೇ. ಮರ್ಯಾದೆಯ ಒಪ್ಪಿಗೆಯನ್ನು ತೀರ್ಮಾನವೆಂದು ಹಿಡಿದರೆ ಮುಂದಿನ ತಿಂಗಳೆಲ್ಲ ಕಣ್ಣುಮುಚ್ಚಾಲೆ: ಕಲಿಯುವವನು ಕರೆ ತಪ್ಪಿಸುತ್ತಾನೆ, ಬೋಧಿಸುವವರು ಒತ್ತಾಯ ಹೆಚ್ಚಿಸುತ್ತಾರೆ. ಆಗಸ್ಟ್ ಬಂತು, ಹೋಯಿತು. ಜೋಡಿಗಳ ವರ್ಗಾವಣೆ ಆರು ವಾರಕ್ಕೊಮ್ಮೆ ನಡೆಯುವುದರಿಂದ, ತನ್ನ ಸರದಿ ಬರುವುದರೊಳಗೆ ಈ ದೀಕ್ಷೆ ಮುಗಿಯಲಿ ಎಂಬ ಆಸೆ ಎಲ್ಡರ್‌ಗೆ ಇತ್ತು. ಅದು ಮನುಷ್ಯ ಸಹಜ. ಆದರೆ ಆ ಗಡಿಯಾರ ಎಲ್ಡರ್‌ನದು, ಕಲಿಯುವವನದಲ್ಲ. ದಿನಾಂಕವನ್ನು ಪ್ರಶ್ನೆಗಳ ಮುಂದೆ ಇಟ್ಟರೆ ಪ್ರಶ್ನೆಗಳು ಒಳಗೇ ಉಳಿಯುತ್ತವೆ. ಉಳಿದದ್ದು ದೀಕ್ಷೆಯ ಮಾರನೆಯ ವಾರ ಹೊರಬರುತ್ತದೆ, ಆಗ ಉತ್ತರ ಹೇಳಲು ಯಾರೂ ಇರುವುದಿಲ್ಲ.

ತಿರುವು ತಂದವನು ಕಿರಿಯ ಎಲ್ಡರ್. ಅವನ ಕನ್ನಡ ಹರಕು, ಆದ್ದರಿಂದ ಮಾತಿಗಿಂತ ಕೇಳಿದ್ದೇ ಹೆಚ್ಚು. ಒಂದು ರಾತ್ರಿ ಪಾಠ ಬಿಟ್ಟು, ಈ ತೀರ್ಮಾನದಿಂದ ನಿಮ್ಮ ಮನೆಯಲ್ಲಿ ಏನು ಬದಲಾಗುತ್ತದೆ ಎಂದಷ್ಟೇ ಕೇಳಿದ. ಆತ ನಾಲ್ಕು ಸಂಗತಿ ಹೇಳಿದ: ಚಾ, ಭಾನುವಾರದ ಸಂತೆ, ಚೌತಿಯ ಗಣಪತಿ, ಅಪ್ಪನ ತಿಥಿ. ಅಲ್ಲಿಂದ ಮುಂದಿನದೆಲ್ಲ ಈ ನಾಲ್ಕರ ಸುತ್ತಲೇ ನಡೆಯಿತು.

ಚಾ ಮತ್ತು ಕವಳ

‘ವರ್ಡ್ ಆಫ್ ವಿಸ್ಡಮ್’ ಎಂಬ ಆರೋಗ್ಯ ನಿಯಮ 1833ರದು. ಮದ್ಯ, ತಂಬಾಕು, ಚಹಾ, ಕಾಫಿ, ಹಾನಿಕರ ಮಾದಕ ವಸ್ತು ಇವಿಷ್ಟೂ ಬೇಡ. ಮೀನು ಮಾಂಸಕ್ಕೆ ತಡೆಯಿಲ್ಲ, ಮಿತವಾಗಿರಲಿ ಎನ್ನುತ್ತದೆ. ಬಂದರಿನ ಗ್ಯಾರೇಜಿನಲ್ಲಿ ದಿನಕ್ಕೆ ಆರೇಳು ಚಾ, ತಂಬಾಕು ಸೇರಿಸಿದ ಕವಳ (ಎಲೆಅಡಿಕೆ). ಗೇರುಹಣ್ಣಿನ ಸಾರಾಯಿ ಉರಾಕ್‌ನ ಚಟ ಆತನಿಗಿರಲಿಲ್ಲ, ಅದೊಂದು ಪುಣ್ಯ.

ಆತ ಎರಡನ್ನೂ ಒಂದೇ ದಿನ ಬಿಟ್ಟ. ಅದೂ ಎಂಥ ದಿನ? ತಿಂಗಳ ಮೊದಲ ಭಾನುವಾರ. ಅಂದು ಸಭೆಯ ಸದಸ್ಯರು ಎರಡು ಹೊತ್ತಿನ ಊಟ, ನೀರು ಬಿಟ್ಟು ಉಪವಾಸವಿದ್ದು, ಉಳಿದ ಹಣವನ್ನು ಬಡವರಿಗೆ ಕೊಡುತ್ತಾರೆ. ಕೆಫೀನ್ ನಿಲ್ಲಿಸಿದರೆ ತಲೆನೋವು ಸಾಮಾನ್ಯವಾಗಿ 12ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ, ಮೊದಲೆರಡು ದಿನ ಜೋರಾಗಿದ್ದು ಒಂದು ವಾರದವರೆಗೂ ಎಳೆಯಬಹುದು. ಅದರ ಮೇಲೆ ನಿಕೋಟಿನ್ ಇಲ್ಲದ ಸಿಡುಕು, ಖಾಲಿ ಹೊಟ್ಟೆ. ಸೋಮವಾರ ಗ್ಯಾರೇಜಿನಲ್ಲಿ ಒಂದು ಬೋಟಿನ ಮಾಲಕರ ಜೊತೆ ಜಗಳವೇ ಆಯಿತು, ಸಂಜೆಗೆ ಚಾ ಕುಡಿದ. ಕುಡಿದದ್ದಕ್ಕೆ ನಾಚಿ ಹತ್ತು ದಿನ ಕರೆ ಎತ್ತಲಿಲ್ಲ.

ಇಲ್ಲಿ ಪಾಪದ ಮಾತು ಆಡಿದರೆ ಕೆಲಸ ಕೆಟ್ಟಿತು. ಎಲ್ಡರ್‌ಗಳು ಬೆಂಗಳೂರಿನ ಸಭೆಯಲ್ಲಿದ್ದ ನರ್ಸ್ ಒಬ್ಬರನ್ನು ಕರೆಗೆ ಸೇರಿಸಿದರು. ಅವರು ಹೇಳಿದ ದಾರಿ ಸರಳ: ಮೊದಲು ತಂಬಾಕು, ಅದು ನಿಂತ ಮೇಲೆ ಚಾ. ಚಾವನ್ನು ಮೂರು ವಾರದಲ್ಲಿ ಇಳಿಸುವುದು, ಮೂರು ದಿನಕ್ಕೊಮ್ಮೆ ಒಂದು ಲೋಟ ಕಡಿಮೆ, ಬೆಳಗಿನದು ಕೊನೆಗೆ. ಬದಲಿಗೆ ಕೊತ್ತಂಬರಿ ಜೀರಿಗೆಯ ಕಷಾಯ, ಮಧ್ಯಾಹ್ನ ಕೋಕಂ ಪಾನಕ. ಕಷಾಯಕ್ಕೆ ಈ ನಿಯಮದಲ್ಲಿ ಅಡ್ಡಿಯಿಲ್ಲ. ‘ಚಾ ಬೇಡ’ ಅಂದರೆ ಗ್ಯಾರೇಜಿನಲ್ಲಿ ಹತ್ತು ಪ್ರಶ್ನೆ, ‘ಕಷಾಯ ಕೊಡು’ ಅಂದರೆ ಒಂದೂ ಇಲ್ಲ. ಹೊಟ್ಟೆ ಸರಿಯಿಲ್ಲ ಅಂದುಕೊಳ್ಳುತ್ತಾರೆ, ಅಷ್ಟೇ.

ಅಡಿಕೆಯ ಹೆಸರು ಆ ನಿಯಮದ ಮೂಲ ಪಠ್ಯದಲ್ಲಿಲ್ಲ. ಶಿರಸಿ, ಸಿದ್ದಾಪುರದ ತೋಟಿಗರ ಎದುರು ಅಡಿಕೆಗೆ ಎರಡು ಮಾತು ಅನ್ನುವುದು ಕಷ್ಟ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಜಗಿಯುವ ಅಡಿಕೆಯನ್ನು, ತಂಬಾಕಿಲ್ಲದಿದ್ದರೂ, ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಅದನ್ನು ತಿಳಿಸಿ ತೀರ್ಮಾನ ಆತನಿಗೇ ಬಿಟ್ಟರು. ಬರೀ ಅಡಿಕೆ ಬಾಯಿಗೆ ಹೋದರೆ ತಂಬಾಕು ನೆನಪಾಗುತ್ತದೆ ಎಂದು ಆತನೇ ಎರಡನ್ನೂ ಬಿಟ್ಟ.

ಸಂತೆಯ ಭಾನುವಾರ

ಸಭೆಗೆ ಭಾನುವಾರ ವಿಶ್ರಾಂತಿಯ ದಿನ, ಕ್ರಿಸ್ತನ ನೆನಪಿಗೆ ರೊಟ್ಟಿ, ನೀರು ಹಂಚುವ ಸ್ಯಾಕ್ರಮೆಂಟ್ ಸಭೆ ಆ ದಿನದ ಜೀವಾಳ. ಕಾರವಾರಕ್ಕೆ ಭಾನುವಾರವೇ ಸಂತೆ. ವಾರದ ದುಡಿಮೆಯಲ್ಲಿ ದೊಡ್ಡ ಪಾಲು ತಾಯಿಗೆ ಅಂದೇ ಬರಬೇಕು. ಬೆಳಕು ಹರಿಯುವ ಮುಂಚೆ ಒಣ ಬಾಂಗಡೆ, ಒಣ ಶೆಟ್ಲಿಯ ಮೂಟೆ ಹೊರುವವನು, ತಾಡಪಾಲು ಕಟ್ಟುವವನು ಮಗನೇ.

ಇದಕ್ಕೆ ಸಿದ್ಧ ಉತ್ತರ ಯಾವ ಕೈಪಿಡಿಯಲ್ಲೂ ಇಲ್ಲ. ಅನಿವಾರ್ಯ ದುಡಿಮೆಯನ್ನು ಸಭೆ ತಪ್ಪೆನ್ನುವುದಿಲ್ಲ, ಸಾಧ್ಯವಾದಷ್ಟು ತಪ್ಪಿಸು ಎನ್ನುತ್ತದೆ. ಕಿರಿಯ ಎಲ್ಡರ್ ಕೇಳಿದ್ದು ಸರಿಯಾದ ಪ್ರಶ್ನೆ: ಭಾನುವಾರ ನೀವು ಮಾಡುವ ಕೆಲಸದಲ್ಲಿ ಶನಿವಾರ ಮುಗಿಸಬಹುದಾದದ್ದು ಯಾವುದು? ಲೆಕ್ಕ ಹಾಕಿದರೆ ಬಹುಪಾಲು ಮುಗಿಸಬಹುದಿತ್ತು. ಮೂಟೆ ಕಟ್ಟಿ ತೂಕ ಮಾಡಿಡುವುದು ಶನಿವಾರ ಸಂಜೆಗೆ ಬಂತು. ಬೆಳಿಗ್ಗೆ ಹೊರುವ ಕೆಲಸಕ್ಕೆ ಟೆಂಪೊದವನಿಗೇ ಇಳಿಸುವ ಕೂಲಿ ಸೇರಿಸಿ ಕೊಡುವುದೆಂದಾಯಿತು, ಅದು ಮಗನ ಜೇಬಿನಿಂದ. ತಾಯಿಗೆ ನಷ್ಟವಾಗಬಾರದು, ಅದು ಮುಖ್ಯ. ಮಗನ ಹೊಸ ನಂಬಿಕೆಯ ಖರ್ಚು ತಾಯಿಯ ತಲೆಗೆ ಬಿದ್ದರೆ ಆ ಮನೆಯಲ್ಲಿ ಆ ನಂಬಿಕೆಗೆ ಮರ್ಯಾದೆ ಉಳಿಯುವುದಿಲ್ಲ.

ದೀಕ್ಷೆಗೆ ಮುಂಚೆ ಸ್ಯಾಕ್ರಮೆಂಟ್ ಸಭೆಗೆ ಖುದ್ದಾಗಿ ಹೋಗಿ ಕೂತು ನೋಡಬೇಕು. ಪಂಚಗಂಗಾ ಎಕ್ಸ್‌ಪ್ರೆಸ್ ಶನಿವಾರ ಸಂಜೆ ಕಾರವಾರದಲ್ಲಿ ಹತ್ತಿದರೆ ಭಾನುವಾರ ಬೆಳಿಗ್ಗೆ ಬೆಂಗಳೂರು, ಅದೇ ಸಂಜೆ ಹತ್ತಿದರೆ ಸೋಮವಾರದ ಕೆಲಸಕ್ಕೆ ಊರು. ಟಿಕೆಟ್ ತೆಗೆಸಿಕೊಡಲು ಸಭೆಯ ಸದಸ್ಯರೊಬ್ಬರು ಮುಂದೆ ಬಂದರು, ಒಳ್ಳೆಯ ಮನಸ್ಸಿನಿಂದಲೇ. ಬೇಡ ಎಂದದ್ದು ಎಲ್ಡರ್‌ಗಳು. ಕಾರಣ ಕಾನೂನಿನ ಭಾಗದಲ್ಲಿದೆ.

ದಶಮಾಂಶ, ಅಂದರೆ ಆದಾಯದ ಹತ್ತನೆಯ ಒಂದು ಭಾಗ, ಇಷ್ಟೆಲ್ಲದರ ನಡುವೆ ದೊಡ್ಡ ತೊಡಕಾಗಲಿಲ್ಲ. ಆದಾಯ ಯಾವುದು ಎಂಬುದನ್ನು ಸದಸ್ಯನೇ ಲೆಕ್ಕ ಹಾಕಬೇಕು, ಸಭೆ ಪಟ್ಟಿ ನೋಡುವುದಿಲ್ಲ. ಬಿಡಿಭಾಗದ ದುಡ್ಡು ಆದಾಯವಲ್ಲ, ಮಜೂರಿ ಆದಾಯ ಎಂದು ಆತ ಗೆರೆ ಎಳೆದ. ಮಿಷನರಿಗಳು ಈ ಹಣವನ್ನು ಕೈಯಲ್ಲಿ ಮುಟ್ಟುವುದಿಲ್ಲ, ಮುಟ್ಟಬಾರದು.

ಚೌತಿ, ತಿಥಿ

ಕಾರವಾರದ ಮನೆಗಳಲ್ಲಿ ಚೌತಿ ಎಂದರೆ ಅಂಕೋಲೆಯ ಅಕ್ಕನಿಂದ ಹಿಡಿದು ಮುಂಬೈಯ ಸೋದರಮಾವನವರೆಗೆ ಎಲ್ಲರೂ ಬರುವ ದಿನ. ಹಿರಿಯ ಎಲ್ಡರ್ ಮೊದಲು ಹೇಳಿದ್ದು, ಆ ದಿನ ಬೇರೆ ಕಡೆ ಇರುವುದು ಒಳ್ಳೆಯದು ಎಂದು. ಇದು ಕೆಟ್ಟ ಸಲಹೆ. ಹಬ್ಬದ ದಿನ ಮನೆಮಗ ಕಾಣದಿದ್ದರೆ ಊರು ಒಂದೇ ಮಾತಾಡುತ್ತದೆ. ಸದ್ಯ, ಬೆಂಗಳೂರಿನ ಸಭೆಯ ಬಿಷಪ್ ಹೇಳಿದ್ದು ಬೇರೆ. ಅವರೂ ಮೊದಲ ಪೀಳಿಗೆಯ ಸದಸ್ಯರು. ಮನೆಯಲ್ಲಿರು, ಮಂಟಪ ಕಟ್ಟು, ಬಂದವರಿಗೆ ಬಡಿಸು. ಪೂಜೆಗೆ ಕೂರುವುದು ನಿನ್ನ ಮನಸ್ಸಿಗೆ ಒಗ್ಗದಿದ್ದರೆ ಮೊದಲೇ ತಾಯಿಗೆ ಹೇಳು, ಆ ಹೊತ್ತಿಗೆ ಎದ್ದು ಹೋಗಿ ಅವಮಾನ ಮಾಡಬೇಡ. ಆ ವರ್ಷ ಆರತಿಯ ತಟ್ಟೆ ಹಿಡಿದದ್ದು ಸೋದರಮಾವ.

ತಿಥಿ ಹಾಗಲ್ಲ. ಆತ ಒಬ್ಬನೇ ಮಗ. ತಾಯಿ ಮಿಷನರಿಗಳ ಜೊತೆ ಒಮ್ಮೆ ಮಾತ್ರ ಮಾತಾಡಿದರು, ಮಗನ ಫೋನ್ ಇಸಿದುಕೊಂಡು. ‘ಇವನ ಅಪ್ಪನಿಗೆ ಕಾರ್ತಿಕದಲ್ಲಿ ಪಿಂಡ ಇಡುವವರು ಯಾರು? ನಾಳೆ ನಾನು ಹೋದರೆ ಬೆಂಕಿ ಕೊಡುವವರು ಯಾರು? ಅದನ್ನು ಹೇಳಿ, ಉಳಿದದ್ದು ಆಮೇಲೆ.’ ಹಿರಿಯ ಎಲ್ಡರ್ ‘ಅಮ್ಮಾ’ ಎಂದು ಶುರು ಮಾಡಿ, ಈ ಸಭೆಯಲ್ಲಿ ಸತ್ತವರಿಗೂ ದೀಕ್ಷಾಸ್ನಾನದ ವ್ಯವಸ್ಥೆಯಿದೆ, ಮಗನೇ ಮುಂದೊಂದು ದಿನ ಅಪ್ಪನ ಪರವಾಗಿ ನೀರಿಗಿಳಿಯಬಹುದು ಎಂದ. ಸಮಾಧಾನಕ್ಕೆ ಹೇಳಿದ ಮಾತು, ಕೆಂಡದ ಮೇಲೆ ಎಣ್ಣೆಯಾಯಿತು. ಬದುಕಿದ್ದ ಮಗನ ಜೊತೆ ಸತ್ತ ಗಂಡನನ್ನೂ ಒಯ್ಯುತ್ತಾರೆ ಎಂದು ಅವರಿಗೆ ಕೇಳಿಸಿತು.

ಆ ಬೋಧನೆ ಇರುವುದು ನಿಜ, ಆದರೆ ಅದಕ್ಕೆ ಹೊತ್ತು ಅದಲ್ಲ, ಹೇಳಿದ ರೀತಿಯೂ ಅರ್ಧಂಬರ್ಧ. ಪೂರ್ತಿ ವಿಷಯ ಹೀಗಿದೆ. ಸತ್ತವರ ಪರವಾಗಿ ಬದುಕಿದ್ದವನೊಬ್ಬ ಸಭೆಯದೇ ಆದ ದೇವಾಲಯದಲ್ಲಿ ದೀಕ್ಷಾಸ್ನಾನ ಪಡೆಯುತ್ತಾನೆ. ಬೆಂಗಳೂರಿನಲ್ಲಿ ಅಂಥ ದೇವಾಲಯ ಕಟ್ಟುವ ಘೋಷಣೆ 2018ರ ಏಪ್ರಿಲ್‌ನಲ್ಲಿ ಆಯಿತು. ಇದರಿಂದ ಸತ್ತವರು ಸದಸ್ಯರಾಗಿಬಿಡುವುದಿಲ್ಲ, ಒಪ್ಪುವುದು ಬಿಡುವುದು ಅವರಿಗೇ ಸೇರಿದ್ದು ಎಂಬುದು ನಂಬಿಕೆ. ಸತ್ತವರು ಕಳೆದ 110 ವರ್ಷದೊಳಗೆ ಹುಟ್ಟಿದವರಾದರೆ, ಬದುಕಿರುವ ಅತಿ ಹತ್ತಿರದ ಸಂಬಂಧಿಯ ಅನುಮತಿ ಬೇಕು. ಆ ಸಾಲಿನಲ್ಲಿ ಮೊದಲ ಹೆಸರು ಗಂಡ ಅಥವಾ ಹೆಂಡತಿಯದು, ಮಕ್ಕಳದ್ದು ಆಮೇಲೆ. ಅಂದರೆ ಈ ಮನೆಯಲ್ಲಿ ತಾಯಿ ಬೇಡ ಅಂದರೆ ಅದು ನಡೆಯುವಂತಿಲ್ಲ. ಇದನ್ನು ಮೊದಲೇ ಹೇಳಿದ್ದರೆ ಆ ರಾತ್ರಿಯ ಅಳು ತಪ್ಪುತ್ತಿತ್ತು. ಎರಡು ವಾರದ ನಂತರ ಮಗನೇ ಹೇಳಿದ: ‘ಆಯಿ, ಅಪ್ಪನ ವಿಷಯದಲ್ಲಿ ನೀನು ಹೂಂ ಅನ್ನದೆ ಏನೂ ಆಗುವುದಿಲ್ಲ.’ ತಾಯಿ ಅಂದದ್ದು, ‘ನಾನು ಅನ್ನುವುದಿಲ್ಲ, ಪುತಾ.’ ಆ ಬಾಗಿಲು ಅಲ್ಲಿಗೆ ಮುಚ್ಚಿತು, ಇಬ್ಬರಿಗೂ ಹಗುರಾಯಿತು.

ಬೆಂಕಿಯ ಪ್ರಶ್ನೆಗೆ ಉತ್ತರ ಸುಲಭವಿತ್ತು, ಯಾರೂ ಹುಡುಕಿರಲಿಲ್ಲ ಅಷ್ಟೇ. ಹೂಳುವುದೋ ಸುಡುವುದೋ ಎಂಬುದನ್ನು ಈ ಸಭೆ ಮನೆಯವರ ತೀರ್ಮಾನಕ್ಕೆ ಬಿಡುತ್ತದೆ. ತಾಯಿಯ ಇಷ್ಟದಂತೆ ಚಿತೆಗೆ ಬೆಂಕಿ ಕೊಡಲು ಮಗನಿಗೆ ಅಡ್ಡಿಯಿಲ್ಲ. ಉಳಿದದ್ದು ಪಿಂಡ. ಇದರ ಬಗ್ಗೆ ಹತ್ತೊಂಬತ್ತರ ಹುಡುಗ ತೀರ್ಪು ಕೊಡಬಾರದು, ಬಿಷಪ್ ಮತ್ತು ಆ ಮನೆಯವರು ಕೂತು ಮಾತಾಡಬೇಕು. ಹಾಗೇ ಆಯಿತು. ದೊಡ್ಡಪ್ಪನ ಮಗ ಪಿಂಡ ಇಡುವುದು. ಖರ್ಚು, ಭಟ್ಟರ ದಕ್ಷಿಣೆ, ಅಡುಗೆಯ ಸಾಮಾನು ಎಲ್ಲ ಮಗನದು. ಎಲೆಗೆ ಬಡಿಸುವುದು, ಬಂದ ನೆಂಟರ ಕಾಲಿಗೆ ನೀರು ಕೊಡುವುದು ಮಗನೇ. ದಾಯಾದಿ ಮಾಡಿದರೆ ಕರ್ಮ ಸಲ್ಲುತ್ತದೆ ಎಂದು ಭಟ್ಟರಿಂದ ಕೇಳಿಸಿಕೊಂಡ ಮೇಲೆ ತಾಯಿ ಒಪ್ಪಿದರು. ಒಪ್ಪಿದರು ಎನ್ನುವುದಕ್ಕಿಂತ ಸುಮ್ಮನಾದರು ಎನ್ನುವುದೇ ಸರಿ.

ಅಕ್ಟೋಬರ್‌ಗೆ ಗೊತ್ತಾಗಿದ್ದ ಎರಡನೆಯ ದಿನಾಂಕವನ್ನು ಎಲ್ಡರ್‌ಗಳೇ ಅಳಿಸಿದರು. ಕಾರ್ತಿಕದ ತಿಥಿ ಹೊಸ ಏರ್ಪಾಡಿನಲ್ಲಿ ಒಮ್ಮೆ ನಡೆದು ಹೋಗಲಿ, ತಾಯಿ ಕಣ್ಣಾರೆ ನೋಡಲಿ, ಆಮೇಲೆ ನೋಡೋಣ ಎಂದು. ಈ ಪ್ರಕರಣದಲ್ಲಿ ಅವರು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಇದೇ.

ಜಿಲ್ಲಾಧಿಕಾರಿ ಕಚೇರಿ

ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ 2022ರದು. 2023ರ ಜೂನ್‌ನಲ್ಲಿ ಸಂಪುಟ ಅದನ್ನು ಹಿಂಪಡೆಯುವ ತೀರ್ಮಾನ ಮಾಡಿತು. ಸಂಪುಟದ ತೀರ್ಮಾನದಿಂದಲೇ ಕಾಯ್ದೆ ಅಳಿಯುವುದಿಲ್ಲ. ಶಾಸಕಾಂಗ ರದ್ದು ಮಾಡಿದೆಯೋ ಇಲ್ಲವೋ ಎಂದು ವಕೀಲರ ಬಾಯಲ್ಲೇ ಕೇಳಿ ಮುಂದುವರಿಯಬೇಕು. ಇಲ್ಲಿ ಕಾಯ್ದೆ ಜಾರಿಯಲ್ಲಿದೆ ಎಂದೇ ನಡೆದರು.

ಮತಾಂತರವಾಗುವವನು ಕನಿಷ್ಠ 30 ದಿನ ಮುಂಚೆ ನಮೂನೆ 1ರಲ್ಲಿ ತನ್ನ ಜಿಲ್ಲೆಯ ಜಿಲ್ಲಾಧಿಕಾರಿಗೆ ಘೋಷಣೆ ಕೊಡಬೇಕು. ಕ್ರಿಯೆ ನಡೆಸುವವನು ನಮೂನೆ 2ರಲ್ಲಿ ಬೇರೆಯಾಗಿ, ಅದೂ 30 ದಿನ ಮುಂಚೆ. ಜಿಲ್ಲಾಧಿಕಾರಿ ಕಚೇರಿಯ ಮತ್ತು ತಹಶೀಲ್ದಾರ್ ಕಚೇರಿಯ ಫಲಕದಲ್ಲಿ ಅದನ್ನು ಹಾಕಿ ಆಕ್ಷೇಪಣೆ ಕರೆಯುತ್ತಾರೆ. ಆಕ್ಷೇಪಣೆ ಬಂದರೆ ನಿಜವಾದ ಉದ್ದೇಶ ಮತ್ತು ಕಾರಣದ ವಿಚಾರಣೆ. ದೀಕ್ಷೆಯಾದ ಮೇಲೆ 30 ದಿನದೊಳಗೆ ನಮೂನೆ 3, ಅದನ್ನು ಕಳಿಸಿದ 21 ದಿನದೊಳಗೆ ಖುದ್ದು ಹಾಜರಾಗಿ ಗುರುತು ದೃಢಪಡಿಸುವುದು. ನಮೂನೆ 2 ಮರೆಯುವವರೇ ಹೆಚ್ಚು, ಅರ್ಜಿ ಕಲಿಯುವವನದು ಮಾತ್ರ ಎಂಬ ಭ್ರಮೆಯಿಂದ.

ಆಮಿಷದ ವ್ಯಾಖ್ಯೆ ಈ ಕಾಯ್ದೆಯಲ್ಲಿ ಬಹಳ ಅಗಲ: ಉಡುಗೊರೆ, ಹಣ, ಕೆಲಸ, ಮದುವೆಯ ಭರವಸೆ, ಉತ್ತಮ ಬದುಕಿನ ಆಸೆ ಎಲ್ಲ ಬರುತ್ತವೆ. ಅಪರಾಧ ಜಾಮೀನುರಹಿತ, ಆಮಿಷವಿರಲಿಲ್ಲ ಎಂದು ತೋರಿಸುವ ಹೊಣೆ ಆರೋಪಿಯದು. ರೈಲಿನ ಟಿಕೆಟ್ ಬೇಡ ಎಂದದ್ದು ಇದಕ್ಕೇ. ನಿಜಕ್ಕೂ ದೂರದ ಸಂಬಂಧಿಯೊಬ್ಬರಿಂದ ಆಕ್ಷೇಪಣೆ ಬಂತು, ಬೆಂಗಳೂರಿನವರು ಕೆಲಸ ಕೊಡಿಸುತ್ತಾರಂತೆ ಎಂದು. ವಿಚಾರಣೆಯಲ್ಲಿ ಆತ ಮೊಬೈಲಿನಲ್ಲಿದ್ದ ಟಿಕೆಟ್‌ಗಳನ್ನೂ ತನ್ನದೇ ಖಾತೆಯಿಂದ ಹಣ ಹೋದದ್ದನ್ನೂ ತೋರಿಸಿದ. ತಾಯಿಯನ್ನೂ ಕೇಳಿದರು. ‘ನನಗೆ ಇದು ಮನಸ್ಸಿಲ್ಲ. ಆದರೆ ಅವನನ್ನು ಯಾರೂ ದುಡ್ಡು ಕೊಟ್ಟು ಕರೆದಿಲ್ಲ’ ಎಂದರು. ಅದಕ್ಕಿಂತ ಬಲವಾದ ಸಾಕ್ಷಿ ಕಡತದಲ್ಲಿ ಬೇರೆ ಇರಲಿಲ್ಲ.

ಮನೆಯ ಆಸ್ತಿಯ ಬಗ್ಗೆ ಭಯವಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ 26ನೆಯ ಕಲಮಿನಂತೆ ಮತಾಂತರವಾದವನ ಸ್ವಂತ ಹಕ್ಕು ಹೋಗುವುದಿಲ್ಲ. ಮತಾಂತರದ ನಂತರ ಹುಟ್ಟುವ ಅವನ ಮಕ್ಕಳಿಗೆ, ಅವರು ಆ ಹೊತ್ತಿಗೆ ಹಿಂದೂಗಳಲ್ಲದಿದ್ದರೆ, ಹಿಂದೂ ಸಂಬಂಧಿಗಳ ಆಸ್ತಿಯಲ್ಲಿ ಉತ್ತರಾಧಿಕಾರವಿಲ್ಲ. ಇದನ್ನು ಮದುವೆಯಾಗದವನಿಗೂ ಮೊದಲೇ ಓದಿ ಹೇಳಬೇಕು. ಮೀಸಲಾತಿಯ ಪ್ರಮಾಣಪತ್ರ ಇರುವವರು ಅದರ ಮೇಲಿನ ಪರಿಣಾಮವನ್ನೂ ಅರ್ಜಿಗೆ ಮುಂಚೆ ತಿಳಿದುಕೊಳ್ಳಬೇಕು. ‘ಆಮೇಲೆ ನೋಡಿಕೊಳ್ಳಬಹುದು’ ಎನ್ನುವ ಮಿಷನರಿ ಮೋಸ ಮಾಡಿದಂತೆಯೇ.

ಸಂದರ್ಶನ, ನೀರು

ದೀಕ್ಷೆಗೆ ಮುಂಚಿನ ಸಂದರ್ಶನವನ್ನು ಪಾಠ ಹೇಳಿದವರು ಮಾಡುವಂತಿಲ್ಲ. ಜಿಲ್ಲಾ ನಾಯಕ ಎನಿಸಿದ ಇನ್ನೊಬ್ಬ ಮಿಷನರಿ, ಒಬ್ಬರೇ ಕೂತು, ಗೊತ್ತುಪಡಿಸಿದ ಪ್ರಶ್ನೆಗಳನ್ನೇ ಕೇಳುತ್ತಾರೆ: ದೇವರಲ್ಲಿ, ಕ್ರಿಸ್ತನಲ್ಲಿ ನಂಬಿಕೆ, ಜೋಸೆಫ್ ಸ್ಮಿತ್ ಮತ್ತು ಈಗಿನ ಅಧ್ಯಕ್ಷರು ಪ್ರವಾದಿಗಳೆಂಬ ನಂಬಿಕೆ, ಪಶ್ಚಾತ್ತಾಪ, ಗಂಭೀರ ಅಪರಾಧವೇನಾದರೂ ನಡೆದಿದೆಯೇ, ಕಟ್ಟಳೆಗಳನ್ನು ಪಾಲಿಸುವ ಸಿದ್ಧತೆ. ಗಂಭೀರ ಅಪರಾಧವಿದ್ದರೆ ಮಿಷನ್ ಅಧ್ಯಕ್ಷರೇ ಮತ್ತೆ ಮಾತಾಡಬೇಕು. ಮದುವೆಯಾದವರಿಗೆ ಗಂಡ ಅಥವಾ ಹೆಂಡತಿಯ ಒಪ್ಪಿಗೆ, ಅಪ್ರಾಪ್ತರಿಗೆ ತಂದೆತಾಯಿಯ ಒಪ್ಪಿಗೆ ಕಡ್ಡಾಯ. ಈತನಿಗೆ ಎರಡೂ ಅನ್ವಯಿಸುವುದಿಲ್ಲ. ಆದರೂ ಸಂದರ್ಶಕ ತಾಯಿಯ ಬಗ್ಗೆ ಕೇಳಿದ, ತಿಥಿಯ ಏರ್ಪಾಡು ಕೇಳಿ ಸಹಿ ಹಾಕಿದ.

ಟಾಗೋರ್ ಕಡಲತೀರದಲ್ಲೇ ಆಗಲಿ ಎಂದು ಆತನಿಗೆ ಆಸೆಯಿತ್ತು. ನಿಯಮದಂತೆ ಪೂರ್ತಿ ಮುಳುಗುವಷ್ಟು ನೀರಿದ್ದರೆ ಸಮುದ್ರವೂ ಆಗುತ್ತದೆ. ಆದರೆ ಅಲೆ ಮುಳುಗಿದವನನ್ನು ಎತ್ತಿ ಬಿಸಾಡುತ್ತದೆ, ಕಾಲೋ ಮೊಣಕೈಯೋ ಮೇಲೆ ಬಂದರೆ ಮತ್ತೆ ಮಾಡಬೇಕು. ನೋಡಲು ಜನ ಸೇರುತ್ತಾರೆ, ಯಾರಾದರೂ ವೀಡಿಯೊ ಮಾಡುತ್ತಾರೆ, ಮನೆಯ ವಿಷಯ ಊರಿನ ವಿಷಯವಾಗುತ್ತದೆ. ಬೆಂಗಳೂರಿನ ಸಭಾಮಂದಿರದ ತೊಟ್ಟಿಯೇ ಎಂದಾಯಿತು, ಜನವರಿಯ ಒಂದು ಶನಿವಾರ.

ತೊಟ್ಟಿ ತುಂಬಲು ಗಂಟೆಗಟ್ಟಲೆ ಬೇಕು, ಮುಂಚಿತವಾಗಿ ನಲ್ಲಿ ಬಿಡದಿದ್ದರೆ ಜನ ಕೂತು ಕಾಯುತ್ತಾರೆ. ನೀರು ತುಂಬಿದಷ್ಟು ಹೊತ್ತೂ ದೊಡ್ಡವರೊಬ್ಬರು ಅಲ್ಲೇ ಇರಬೇಕು, ಮಕ್ಕಳು ಬೀಳುವ ಅಪಾಯ. ಸೊಂಟದ ಮಟ್ಟದ ನೀರು ಸಾಕು. ಬಟ್ಟೆ ಬಿಳಿ, ಒದ್ದೆಯಾದರೂ ಮೈ ಕಾಣದಷ್ಟು ದಪ್ಪ. ಇನ್ನೊಂದು ಜೊತೆ ಒಳಬಟ್ಟೆ, ಟವೆಲ್, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ ನೆನಪಿರಲಿ.

ದೀಕ್ಷೆ ಕೊಟ್ಟವನು ಕೋಣೆಯ ಗೆಳೆಯ. ತೂಕ ಐವತ್ತನಾಲ್ಕು ಕಿಲೊ, ಎದುರಿಗಿದ್ದವನು ಎಪ್ಪತ್ತೆಂಟು. ಹಿಂದಿನ ದಿನ ನೆಲದ ಮೇಲೆ ಅಭ್ಯಾಸ ಮಾಡಿದರು. ಕೊಡುವವನು ಎಡಗೈಯಲ್ಲಿ ಈತನ ಬಲ ಮಣಿಕಟ್ಟು ಹಿಡಿಯುತ್ತಾನೆ, ಈತ ಎಡಗೈಯಲ್ಲಿ ಅವನ ಎಡ ಮಣಿಕಟ್ಟು. ಅವನು ಬಲಗೈ ಎತ್ತಿ ಪೂರ್ಣ ಹೆಸರು ಕರೆದು ಗೊತ್ತಾದ ಪ್ರಾರ್ಥನೆಯನ್ನು ಅಕ್ಷರ ತಪ್ಪದೆ ಹೇಳುತ್ತಾನೆ. ಆಮೇನ್ ಆದ ಮೇಲೆ ಈತ ಬಲಗೈಯಿಂದ ಮೂಗು ಮುಚ್ಚಿಕೊಳ್ಳಬೇಕು, ಅವನು ಬಲಗೈಯನ್ನು ಈತನ ಬೆನ್ನಿಗೆ ಕೊಟ್ಟು ಹಿಂದಕ್ಕೆ ಮಲಗಿಸಬೇಕು. ಮುಳುಗುವವನು ಮೊಣಕಾಲು ಮಡಚಿದರೆ ಭಾರವೆಲ್ಲ ನೀರಿನದು. ಕಾಲು ನೆಟ್ಟಗಿಟ್ಟರೆ ಪಾದ ತೇಲುತ್ತದೆ. ಇಬ್ಬರು ಸಾಕ್ಷಿಗಳು ನೋಡುತ್ತಾರೆ. 2019ರ ಅಕ್ಟೋಬರ್‌ನಿಂದ ಹೆಂಗಸರೂ ಮಕ್ಕಳೂ, ದೀಕ್ಷೆಯಾದ ಯಾರೇ ಆಗಲಿ, ಸಾಕ್ಷಿ ನಿಲ್ಲಬಹುದು.

ಮೊದಲ ಬಾರಿ ಗೆಳೆಯ ರೂಢಿಯ ಅಡ್ಡಹೆಸರು ಕರೆದ. ಆಧಾರ್‌ನಲ್ಲಿರುವುದು ಸ್ವಂತ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಈ ಕಡೆಯ ಪದ್ಧತಿಯಂತೆ. ನಿಲ್ಲಿಸಿ ಮತ್ತೆ ಶುರು ಮಾಡಿದರು. ಎರಡನೆಯ ಬಾರಿ ಬಲಗಾಲಿನ ಬೆರಳು ಮೇಲೆ ಬಂತು. ಮೂರನೆಯದು ಸರಿಯಾಯಿತು. ಇಂಥದ್ದಕ್ಕೆ ಗಾಬರಿ ಬೇಡ, ನಗು ಬಂದರೆ ನಗಬಹುದು. ತಾಯಿ ಬಂದಿರಲಿಲ್ಲ, ಅಕ್ಕ ಬಂದಿದ್ದಳು.

ಆಮೇಲಿನದು

ಮರುದಿನದ ಸ್ಯಾಕ್ರಮೆಂಟ್ ಸಭೆಯಲ್ಲಿ ತಲೆಯ ಮೇಲೆ ಕೈಯಿಟ್ಟು ದೃಢೀಕರಣ. ಅದಾಗುವವರೆಗೆ ಸದಸ್ಯತ್ವ ಪೂರ್ತಿಯಲ್ಲ, ದಾಖಲೆಯೂ ಆಗುವುದಿಲ್ಲ. ಸೋಮವಾರವೇ ನಮೂನೆ 3ರ ಕೆಲಸ ಹಿಡಿದರು.

ಈಗಿನ ತೊಂದರೆ ದೂರದ್ದು. ಮನೆಯ ಹತ್ತಿರ ಸಭೆಯಿಲ್ಲ. ಹೊಸ ಸದಸ್ಯನಿಗೆ ಒಬ್ಬ ಗೆಳೆಯ, ಒಂದು ಜವಾಬ್ದಾರಿ, ದೇವರ ವಾಕ್ಯದ ಪೋಷಣೆ ಮೂರೂ ಬೇಕೆಂದು ಸಭೆಯ ಆಗಿನ ಅಧ್ಯಕ್ಷ ಗಾರ್ಡನ್ ಬಿ. ಹಿಂಕ್ಲಿ 1997ರಲ್ಲಿ ಹೇಳಿದ್ದರು. ಕಾರವಾರದಲ್ಲಿ ಮೂರೂ ಫೋನಿನ ಮೇಲೆ ಬರಬೇಕು. ಮನೆಯಲ್ಲಿ ಸ್ಯಾಕ್ರಮೆಂಟ್ ಮಾಡಲು ಪೌರೋಹಿತ್ಯದ ಅಧಿಕಾರವೂ ಬಿಷಪ್‌ರ ಅನುಮತಿಯೂ ಬೇಕು, ಎರಡೂ ಸಿಗುವವರೆಗೆ ತಿಂಗಳಿಗೊಂದು ರೈಲು. ಹಿರಿಯ ಎಲ್ಡರ್ ಫೆಬ್ರುವರಿಯಲ್ಲಿ ಬೇರೆ ಊರಿಗೆ ಹೋದ, ಕಿರಿಯವನೂ ಹೋಗುತ್ತಾನೆ. ಅದಕ್ಕೇ ಕೊನೆಯ ಕೆಲವು ಪಾಠಗಳಿಗೆ ಬೆಂಗಳೂರಿನ ಒಬ್ಬ ಗೃಹಸ್ಥರನ್ನು ಸೇರಿಸಿಕೊಂಡಿದ್ದರು. ಈಗ ವಾರಕ್ಕೊಮ್ಮೆ ಕರೆ ಮಾಡುವವರು ಅವರೇ.

ಮದುವೆಯ ಮಾತು ಇನ್ನೂ ಹಾಗೇ ಇದೆ. ತಾಯಿ ತಮ್ಮ ಜಾತಿಯ ಹುಡುಗಿಯನ್ನೇ ನೋಡುತ್ತಿದ್ದಾರೆ. ಹುಡುಗಿ ಹಿಂದೂವಾಗಿಯೇ ಉಳಿಯುವುದಾದರೆ ವಿಶೇಷ ವಿವಾಹ ಕಾಯ್ದೆ 1954ರ ಕೆಳಗೆ ನೋಂದಣಿ, ಅದಕ್ಕೂ 30 ದಿನದ ನೋಟಿಸು. ಹುಡುಗಿಯ ಕಡೆಯವರಿಗೆ ಎಲ್ಲವನ್ನೂ ಮೊದಲ ಭೇಟಿಯಲ್ಲೇ ಹೇಳುವುದೆಂದು ತಾಯಿಮಗ ಒಪ್ಪಿಕೊಂಡಿದ್ದಾರೆ, ಯಾರು ಬಾಯಿಬಿಡಬೇಕು ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.